ಬೃಹತ್ ಟೇಬಲ್‌ಗಳ ಗಾತ್ರದ ಮಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ದತ್ತಾಂಶವನ್ನು ಸಾಲು ಮತ್ತು ಕಾಲಂಗಳ ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಡೇಟಾಬೇಸ್‌ನಲ್ಲಿ ಒಂದು ಟೇಬಲ್ ಎಷ್ಟು ದೊಡ್ಡದಾಗಿ ಬೆಳೆಯಬಹುದು ಎಂಬುದಕ್ಕೆ ಹಲವು ಡೇಟಾಬೇಸ್‌ಗಳ ಕೈಪಿಡಿಗಳಲ್ಲಿ ಒಂದು ಅಂಕಿ ಸಿಗುತ್ತದೆ. ಆ ಅಂಕಿಯನ್ನು ತಿಳಿದಿರಬೇಕು, ನಿಜ. ಆದರೆ ಬಹುತೇಕ ಟೇಬಲ್‌ಗಳು ಅದರ ಹತ್ತಿರಕ್ಕೆ ಹೋಗುವ ಎಷ್ಟೋ ಮೊದಲೇ ಬೇರೊಂದು ಮಿತಿಗೆ ಸಿಕ್ಕಿ ನಿಲ್ಲುತ್ತವೆ. ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಡುವ ಐಡಿ ಕಾಲಂ ತುಂಬಿಹೋಗುವುದು, ಕಡತ ವ್ಯವಸ್ಥೆ ತಡೆಯುವುದು, ಅಳಿಸಿದ ಸಾಲುಗಳ ಸ್ವಚ್ಛತೆ ಹಿಂದೆ ಬೀಳುವುದು, ಬ್ಯಾಕಪ್‌ನಿಂದ ಮರಳಿ ತರಲು ದಿನಗಟ್ಟಲೆ ಹಿಡಿಯುವುದು ಇವೆಲ್ಲ ಅಂಥ ಮಿತಿಗಳೇ. ಇಲ್ಲಿನ ಪ್ರಶ್ನೆಗಳು ಈ ಎರಡು ಬಗೆಯ ಮಿತಿಗಳನ್ನೂ ಕುರಿತವು.

ಒಂದು ಟೇಬಲ್‌ನಲ್ಲಿ ಗರಿಷ್ಠ ಎಷ್ಟು ಸಾಲುಗಳನ್ನು ಇಡಬಹುದು?

ಹೆಚ್ಚಿನ ಡೇಟಾಬೇಸ್‌ಗಳು ಸಾಲುಗಳ ಸಂಖ್ಯೆಗೆಂದೇ ಮಿತಿಯನ್ನು ಹಾಕಿಲ್ಲ. ಒರಾಕಲ್‌ನ ಕೈಪಿಡಿ ಮಿತಿಯಿಲ್ಲ ಎನ್ನುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಕೈಪಿಡಿ ಡಿಸ್ಕ್‌ನಲ್ಲಿ ಲಭ್ಯವಿರುವ ಜಾಗವೇ ಮಿತಿ ಎನ್ನುತ್ತದೆ. ಪೋಸ್ಟ್‌ಗ್ರೆಸ್ ಪುಟಗಳ (ಟೇಬಲನ್ನು ವಿಂಗಡಿಸಿ ಇಡುವ ನಿಗದಿತ ಗಾತ್ರದ ತುಂಡುಗಳ) ಸಂಖ್ಯೆಗೆ ಮಿತಿ ಹಾಕಿ, ಅಷ್ಟು ಪುಟಗಳಲ್ಲಿ ಎಷ್ಟು ಸಾಲು ಹಿಡಿಯುತ್ತವೆಯೋ ಅಷ್ಟು ಎಂದು ಬಿಡುತ್ತದೆ. ಆದ್ದರಿಂದ ಎಷ್ಟು ಸಾಲು ಎಂದು ಕೇಳುವ ಮೊದಲು ಒಂದು ಸಾಲಿಗೆ ಎಷ್ಟು ಬೈಟ್ ಎಂದು ಕೇಳಿಕೊಳ್ಳುವುದು ಸರಿಯಾದ ಕ್ರಮ.

ಪೋಸ್ಟ್‌ಗ್ರೆಸ್‌ನ 32 ಟಿಬಿ ಎಂಬ ಮಿತಿ ಎಲ್ಲಿಂದ ಬಂತು?

ಪೋಸ್ಟ್‌ಗ್ರೆಸ್ ಟೇಬಲನ್ನು 8 ಕೆಬಿ ಗಾತ್ರದ ಪುಟಗಳಾಗಿ ವಿಂಗಡಿಸಿ ಇಡುತ್ತದೆ, ಮತ್ತು ಪುಟದ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆಯುತ್ತದೆ. ಹಾಗಾಗಿ ಒಂದು ಟೇಬಲ್‌ಗೆ 4,294,967,295 ಪುಟಗಳಿಗಿಂತ ಹೆಚ್ಚು ಸಿಗಲಾರವು. ಅದನ್ನು 8 ಕೆಬಿಯಿಂದ ಗುಣಿಸಿದರೆ 32 ಟಿಬಿ. ಮೂಲ ಸಂಕೇತದಿಂದ ಕಂಪೈಲ್ ಮಾಡುವಾಗ ಪುಟದ ಗಾತ್ರವನ್ನು 32 ಕೆಬಿಗೆ ಏರಿಸಿದರೆ ಮಿತಿ 128 ಟಿಬಿ ಆಗುತ್ತದೆ. ಆದರೆ ಹಾಗೆ ಕಟ್ಟಿದ ಸರ್ವರ್‌ನ ಕಡತಗಳನ್ನು ಸಾಮಾನ್ಯ ಪೋಸ್ಟ್‌ಗ್ರೆಸ್ ಓದಲಾರದು, ಆದ್ದರಿಂದ ಈ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಸಾಲುಗಳನ್ನು ಬೇಗ ಹುಡುಕಲೆಂದು ಕಟ್ಟುವ ಇಂಡೆಕ್ಸ್‌ಗಳು ಟೇಬಲ್‌ನ ಲೆಕ್ಕಕ್ಕೆ ಸೇರುವುದಿಲ್ಲ. ಪ್ರತಿಯೊಂದು ಇಂಡೆಕ್ಸ್‌ಗೂ ಪ್ರತ್ಯೇಕವಾಗಿ 32 ಟಿಬಿಯ ಮಿತಿ ಇದೆ. ಇಡೀ ಡೇಟಾಬೇಸ್‌ನ ಗಾತ್ರಕ್ಕೆ ಮಿತಿಯೇ ಇಲ್ಲ.

ಇದು ಎಷ್ಟು ಸಾಲುಗಳಾದೀತು ಎಂಬುದನ್ನು ಒಂದು ಸರಳ ಟೇಬಲ್‌ನಿಂದ ಲೆಕ್ಕ ಹಾಕಬಹುದು. ತಲಾ 8 ಬೈಟ್‌ನ ಮೂರು ಕಾಲಂಗಳಿವೆ ಎಂದುಕೊಂಡರೆ ದತ್ತಾಂಶಕ್ಕೆ 24 ಬೈಟ್ ಬೇಕು. ಪ್ರತಿ ಸಾಲಿನ ತಲೆಭಾಗಕ್ಕೆ 23 ಬೈಟ್ ಹೋಗುತ್ತದೆ, ಎಂಟರ ಗುಣಕಕ್ಕೆ ಹೊಂದಿಸಬೇಕಾದ್ದರಿಂದ ಅದು 24 ಆಗುತ್ತದೆ; ಪುಟದ ಆರಂಭದಲ್ಲಿ ಆ ಸಾಲನ್ನು ತೋರಿಸುವ ಸೂಚಕಕ್ಕೆ ಇನ್ನೂ 4 ಬೈಟ್. ಒಟ್ಟು 52 ಬೈಟ್, ಅಂದರೆ ಅರ್ಧಕ್ಕಿಂತ ಹೆಚ್ಚು ಜಾಗ ನಮ್ಮ ದತ್ತಾಂಶದ್ದಲ್ಲ. 8,192 ಬೈಟ್‌ನ ಪುಟದಲ್ಲಿ ಪುಟದ ತಲೆಭಾಗದ 24 ಬೈಟ್ ಕಳೆದರೆ 157 ಸಾಲು ಹಿಡಿಯುತ್ತವೆ, ಮತ್ತು 32 ಟಿಬಿಯಲ್ಲಿ ಸುಮಾರು 67,400 ಕೋಟಿ ಸಾಲುಗಳು.

ಕಾಲಂಗಳ ಅನುಕ್ರಮಕ್ಕೂ ಗಾತ್ರಕ್ಕೂ ಸಂಬಂಧವಿದೆಯೇ?

ಪೋಸ್ಟ್‌ಗ್ರೆಸ್‌ನಲ್ಲಿ ಇದೆ. 8 ಬೈಟ್‌ನ ಕಾಲಂ ಎಂಟರ ಗುಣಕದ ಸ್ಥಾನದಿಂದಲೇ ಆರಂಭವಾಗಬೇಕು. 4 ಬೈಟ್‌ನ ಕಾಲಂ, ಆಮೇಲೆ 8 ಬೈಟ್‌ನದು, ಮತ್ತೆ 4, ಮತ್ತೆ 8 ಎಂದು ಬರೆದರೆ ನಡುನಡುವೆ ಖಾಲಿ ಬೈಟ್‌ಗಳು ಸೇರಿ 32 ಬೈಟ್ ಆಗುತ್ತದೆ. ಎಂಟರವನ್ನು ಮೊದಲು, ನಾಲ್ಕರವನ್ನು ನಂತರ ಇಟ್ಟರೆ 24 ಬೈಟ್ ಸಾಕು. ಸಾವಿರ ಸಾಲಿನ ಟೇಬಲ್‌ಗೆ ಇದು ಲೆಕ್ಕಕ್ಕಿಲ್ಲ. ನೂರು ಕೋಟಿ ಸಾಲಿಗೆ ಇದು ಸುಮಾರು 8 ಜಿಬಿ. ಟೇಬಲನ್ನು ಸೃಷ್ಟಿಸುವ ದಿನ ಎರಡು ನಿಮಿಷದಲ್ಲಿ ಮುಗಿಯುವ ಈ ಕೆಲಸಕ್ಕೆ, ಟೇಬಲ್ ಬೆಳೆದ ಮೇಲೆ ಅದನ್ನು ಪೂರ್ತಿಯಾಗಿ ಮರಳಿ ಬರೆಯಬೇಕಾಗುತ್ತದೆ.

ದೊಡ್ಡ ಪಠ್ಯ, ಚಿತ್ರ ಮುಂತಾದವನ್ನು ಇಟ್ಟರೆ ಮಿತಿ ಬದಲಾಗುತ್ತದೆಯೇ?

ಬದಲಾಗುತ್ತದೆ, ಮತ್ತು ಈ ಮಿತಿ ಅನೇಕರ ಕಣ್ಣಿಗೆ ಬೀಳುವುದಿಲ್ಲ. ಒಂದು ಸಾಲು ಸುಮಾರು 2 ಕೆಬಿಯನ್ನು ಮೀರಿದಾಗ ಪೋಸ್ಟ್‌ಗ್ರೆಸ್ ಅದರ ದೊಡ್ಡ ಮೌಲ್ಯಗಳನ್ನು ಕುಗ್ಗಿಸುತ್ತದೆ, ಸಾಲದಿದ್ದರೆ ಟೋಸ್ಟ್ ಎಂಬ ಪಕ್ಕದ ಟೇಬಲ್‌ಗೆ ಸಾಗಿಸುತ್ತದೆ. ಹಾಗೆ ಸಾಗಿಸಿದ ಪ್ರತಿ ಮೌಲ್ಯಕ್ಕೂ 32 ಬಿಟ್‌ನ ಒಂದು ಗುರುತು ಬೇಕು; ಆದ್ದರಿಂದ ಒಂದು ಟೇಬಲ್‌ನಲ್ಲಿ ಅಂಥ ಮೌಲ್ಯಗಳು ಸುಮಾರು 429 ಕೋಟಿಯನ್ನು ದಾಟಲಾರವು. ಆ ಸಂಖ್ಯೆಯನ್ನು ಮುಟ್ಟುವುದಕ್ಕೂ ಮೊದಲೇ ಖಾಲಿ ಗುರುತೊಂದನ್ನು ಹುಡುಕುವುದರಲ್ಲಿಯೇ ಸರ್ವರ್‌ನ ಸಮಯ ಹೋಗತೊಡಗಿ, ಹೊಸ ಸಾಲು ಸೇರಿಸುವುದು ಕಾರಣ ತಿಳಿಯದಂತೆ ನಿಧಾನವಾಗುತ್ತದೆ. ಟೇಬಲನ್ನು ಒಳಗೆ ತುಂಡುಗಳಾಗಿ ಒಡೆದರೆ, ಅಂದರೆ ಪಾರ್ಟಿಷನ್ ಮಾಡಿದರೆ, ಪ್ರತಿ ಪಾರ್ಟಿಷನ್‌ಗೂ ತನ್ನದೇ ಟೋಸ್ಟ್ ಟೇಬಲ್ ಇರುವುದರಿಂದ ಈ ತೊಂದರೆ ತಪ್ಪುತ್ತದೆ. ಒಂದೇ ಮೌಲ್ಯದ ಗರಿಷ್ಠ ಗಾತ್ರ 1 ಜಿಬಿ.

ಮೈಎಸ್‌ಕ್ಯೂಎಲ್‌ನಲ್ಲಿ ಎಷ್ಟು?

ಮೈಎಸ್‌ಕ್ಯೂಎಲ್ ದತ್ತಾಂಶ ಇಡಲು ಬಳಸುವ ಇನ್ನೋಡಿಬಿ ಎಂಜಿನ್‌ನಲ್ಲಿ ಪುಟದ ಸಹಜ ಗಾತ್ರ 16 ಕೆಬಿ, ಮತ್ತು ಅದಕ್ಕೆ ಟೇಬಲ್‌ಸ್ಪೇಸ್‌ನ (ಟೇಬಲ್‌ಗಳನ್ನು ಇಡುವ ಜಾಗದ) ಮಿತಿ 64 ಟಿಬಿ. ಪುಟ 4 ಕೆಬಿ ಇದ್ದರೆ 16 ಟಿಬಿ, 64 ಕೆಬಿ ಇದ್ದರೆ 256 ಟಿಬಿ. ಲೆಕ್ಕದ ಮೂಲ ಇಲ್ಲಿಯೂ 32 ಬಿಟ್‌ನ ಪುಟ ಸಂಖ್ಯೆಯೇ.

ಆದರೆ ಇನ್ನೋಡಿಬಿ ಸಾಮಾನ್ಯವಾಗಿ ಒಂದು ಟೇಬಲನ್ನು, ಅದರ ಇಂಡೆಕ್ಸ್‌ಗಳನ್ನೂ ಸೇರಿಸಿ, ಒಂದೇ ಕಡತದಲ್ಲಿ ಇಡುತ್ತದೆ ಎಂಬುದನ್ನು ಗಮನಿಸಬೇಕು. ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ, 4 ಕೆಬಿ ಬ್ಲಾಕ್‌ಗಳಿರುವಾಗ, ಒಂದು ಕಡತ 16 ಟಿಬಿಯನ್ನು ಮೀರಲಾರದು. ಹಾಗಾಗಿ ಕೈಪಿಡಿಯಲ್ಲಿ 64 ಟಿಬಿ ಎಂದು ಓದಿ ನೆಮ್ಮದಿಯಿಂದಿದ್ದವರ ಟೇಬಲ್ ಅದರ ಕಾಲು ಭಾಗದಲ್ಲಿಯೇ ನಿಲ್ಲುತ್ತದೆ. ಎಕ್ಸ್‌ಎಫ್‌ಎಸ್ ಬಳಸಿದರೆ ಈ ಅಡ್ಡಿ ಇಲ್ಲ. ಪೋಸ್ಟ್‌ಗ್ರೆಸ್ ಟೇಬಲನ್ನು ತಲಾ 1 ಜಿಬಿಯ ಕಡತಗಳಾಗಿ ತುಂಡರಿಸಿ ಇಡುವುದರಿಂದ ಅದಕ್ಕೂ ಈ ಅಡ್ಡಿ ತಟ್ಟುವುದಿಲ್ಲ. ಡೇಟಾಬೇಸ್‌ನ ಮಿತಿ, ಕಡತ ವ್ಯವಸ್ಥೆಯ ಮಿತಿ ಮತ್ತು ಮೋಡಸೇವೆಯವರು ಒಂದು ಡಿಸ್ಕ್‌ಗೆ ಹಾಕಿರುವ ಮಿತಿ, ಈ ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್‌ಗಳಲ್ಲಿ?

ಒರಾಕಲ್‌ನಲ್ಲಿ ಮಿತಿ ಇರುವುದು ಕಡತಕ್ಕೆ. 8 ಕೆಬಿ ಬ್ಲಾಕ್‌ಗಳಿರುವಾಗ ಸಾಮಾನ್ಯ ಟೇಬಲ್‌ಸ್ಪೇಸ್‌ನ ಒಂದು ಕಡತ ಸುಮಾರು 32 ಜಿಬಿಯಷ್ಟು ಬೆಳೆಯಬಹುದು. ಬಿಗ್‌ಫೈಲ್ ಟೇಬಲ್‌ಸ್ಪೇಸ್‌ನಲ್ಲಿ ಒಂದೇ ಕಡತ 32 ಟಿಬಿಯವರೆಗೆ ಹೋಗುತ್ತದೆ. ಒಂದು ಟೇಬಲ್‌ಗೆ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಪಾರ್ಟಿಷನ್‌ಗಳಿರಬಹುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಒಂದು ದತ್ತಾಂಶ ಕಡತಕ್ಕೆ 16 ಟಿಬಿ, ಇಡೀ ಡೇಟಾಬೇಸ್‌ಗೆ 524,272 ಟಿಬಿ, ಒಂದು ಟೇಬಲ್‌ಗೆ 15,000 ಪಾರ್ಟಿಷನ್. ಅದರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯನ್ನು ಬಳಸುವ ಸಣ್ಣ ಸಂಸ್ಥೆಗಳು ಮಾತ್ರ ಎಚ್ಚರ ವಹಿಸಬೇಕು: 2022ರ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ನ ದತ್ತಾಂಶ 10 ಜಿಬಿಯನ್ನು ಮೀರುವಂತಿಲ್ಲ.

ಎಸ್‌ಕ್ಯೂಲೈಟ್‌ನಲ್ಲಿ ಇಡೀ ಡೇಟಾಬೇಸ್ ಒಂದೇ ಕಡತ. ಪುಟದ ಗಾತ್ರವನ್ನು 64 ಕೆಬಿಗೆ ಏರಿಸಿದರೆ ಅದರ ಮಿತಿ ಸುಮಾರು 281 ಟಿಬಿ. ಆ ಗಾತ್ರದಲ್ಲಿ ಅದನ್ನು ಬಳಸುವುದು ಸೂಕ್ತವೆಂದು ಇದರ ಅರ್ಥವಲ್ಲ. ಒಂದು ಸಮಯಕ್ಕೆ ಒಬ್ಬರೇ ಬರೆಯಬಲ್ಲ ವ್ಯವಸ್ಥೆ ಅದು.

ಕಾಲಂಗಳಿಗೂ ಮಿತಿ ಇದೆಯೇ?

ಇದೆ. ಪೋಸ್ಟ್‌ಗ್ರೆಸ್‌ನಲ್ಲಿ 1,600, ಇನ್ನೋಡಿಬಿಯಲ್ಲಿ 1,017, ಎಸ್‌ಕ್ಯೂಎಲ್ ಸರ್ವರ್‌ನ ಸಾಮಾನ್ಯ ಟೇಬಲ್‌ನಲ್ಲಿ 1,024. ಒರಾಕಲ್‌ನಲ್ಲಿ ದೀರ್ಘಕಾಲ 1,000 ಇತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸಿದ ಕಾಲಂ ಕೂಡ ಈ ಲೆಕ್ಕದಲ್ಲಿ ಉಳಿದುಕೊಳ್ಳುತ್ತದೆ ಎಂಬುದು ನೆನಪಿರಲಿ. ಈ ಮಿತಿಯ ಹತ್ತಿರ ಬಂದಿದ್ದೀರಿ ಎಂದರೆ ಮಿತಿಯನ್ನಲ್ಲ, ಟೇಬಲ್‌ನ ವಿನ್ಯಾಸವನ್ನು ಪ್ರಶ್ನಿಸಬೇಕು.

ಕನ್ನಡದ ಪಠ್ಯ ಇಟ್ಟರೆ ಹೆಚ್ಚು ಜಾಗ ಬೇಕೇ?

ಬೇಕು, ಮತ್ತು ನಮ್ಮ ಭಾಷೆಯ ದತ್ತಾಂಶವನ್ನು ಇಡುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು. ಸ್ವರಚಿಹ್ನೆ, ವಿರಾಮ (ಹಲಂತ) ಎಲ್ಲವೂ ಪ್ರತ್ಯೇಕ ಚಿಹ್ನೆಗಳೇ. "ಕರ್ನಾಟಕ" ಎಂಬುದು ನಮಗೆ ನಾಲ್ಕು ಅಕ್ಷರ. ಯೂನಿಕೋಡ್‌ಗೆ ಅದು ಏಳು ಚಿಹ್ನೆ, ಡಿಸ್ಕ್‌ಗೆ 21 ಬೈಟ್. ಆದ್ದರಿಂದ ಹೆಸರಿನ ಕಾಲಂಗೆ 20 ಎಂದು ಉದ್ದ ಕೊಟ್ಟರೆ ಅದು 20 ಕನ್ನಡ ಅಕ್ಷರಗಳಲ್ಲ, 20 ಚಿಹ್ನೆಗಳು. ಒತ್ತಕ್ಷರ ಹೆಚ್ಚಿರುವ ಹೆಸರುಗಳು ಅದರೊಳಗೆ ಹಿಡಿಯದೆ ಹೋಗಬಹುದು.

ಮೈಎಸ್‌ಕ್ಯೂಎಲ್‌ನ ಯುಟಿಎಫ್8ಎಂಬಿ4ನಲ್ಲಿ ಒಂದು ಚಿಹ್ನೆಗೆ 4 ಬೈಟ್‌ವರೆಗೆ ಬೇಕಾಗಬಹುದೆಂದು ಲೆಕ್ಕ ಹಿಡಿಯುವುದರಿಂದ, ಒಂದು ಸಾಲಿಗಿರುವ 65,535 ಬೈಟ್‌ಗಳ ಮಿತಿಯೊಳಗೆ ವಾರ್‌ಕ್ಯಾರ್ ಎಂಬ ಪಠ್ಯದ ಕಾಲಂನ ಉದ್ದ 16,383ನ್ನು ಮೀರಲಾರದು, ಮತ್ತು ಇಂಡೆಕ್ಸ್‌ನ 3,072 ಬೈಟ್‌ಗಳಲ್ಲಿ 768 ಚಿಹ್ನೆಗಳಷ್ಟೇ ಹಿಡಿಯುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಥೆ ಬೇರೆ. ಅಲ್ಲಿನ ಎನ್‌ವಾರ್‌ಕ್ಯಾರ್ ಯುಟಿಎಫ್-16 ಬಳಸುತ್ತದೆ, ಅದರಲ್ಲಿ ಕನ್ನಡದ ಚಿಹ್ನೆಗೆ 2 ಬೈಟ್ ಸಾಕು; "ಕರ್ನಾಟಕ" ಎಂಬುದು 14 ಬೈಟ್. 2019ರ ಆವೃತ್ತಿಯಿಂದ ಅಲ್ಲಿ ಯುಟಿಎಫ್-8 ಕೂಡ ಬಂದಿದೆ, ಜಾಗ ಉಳಿಯುತ್ತದೆ ಎಂಬ ಸಲಹೆಯೂ ಜೊತೆಗೆ ಬಂದಿದೆ. ಆ ಸಲಹೆ ಇಂಗ್ಲಿಷ್ ಪಠ್ಯಕ್ಕೆ ಸರಿ; ಕನ್ನಡ ಪಠ್ಯವನ್ನು ಹಾಗೆ ಬದಲಿಸಿದರೆ ಗಾತ್ರ ಒಂದೂವರೆ ಪಟ್ಟಾಗುತ್ತದೆ.

ಎರಡು ಕೋಟಿ ಸಾಲು ದಾಟಿದರೆ ಟೇಬಲ್ ನಿಧಾನವಾಗುತ್ತದೆ ಎನ್ನುತ್ತಾರೆ, ಇದು ನಿಜವೇ?

ಅಂಥದೊಂದು ಗೆರೆ ಇಲ್ಲ. ಇನ್ನೋಡಿಬಿಯ ಇಂಡೆಕ್ಸ್ ಮರದಂತೆ ಮೇಲಿಂದ ಕೆಳಗೆ ಹಂತಹಂತವಾಗಿ ಕವಲೊಡೆಯುತ್ತದೆ. ಸಾಲನ್ನು ಗುರುತಿಸುವ ಕೀ ಬಿಗ್‌ಇಂಟ್ (8 ಬೈಟ್‌ನ ಪೂರ್ಣಾಂಕ) ಆಗಿದ್ದಾಗ ಮೇಲಿನ ಹಂತದ 16 ಕೆಬಿಯ ಒಂದು ಪುಟದಲ್ಲಿ ಸುಮಾರು 900 ನಮೂದುಗಳು ಹಿಡಿಯುತ್ತವೆ. ಒಂದು ಸಾಲು 200 ಬೈಟ್ ಇದ್ದರೆ ಕೆಳಗಿನ ಪುಟದಲ್ಲಿ ಸುಮಾರು 75 ಸಾಲು. ಹೀಗೆ ಮೂರು ಹಂತದ ಮರದಲ್ಲಿ ಸುಮಾರು 6 ಕೋಟಿ ಸಾಲು ಸೇರುತ್ತವೆ. ಇನ್ನೊಂದು ಹಂತ ಹೆಚ್ಚಿದರೆ ಸುಮಾರು 5,400 ಕೋಟಿ. ಅಂದರೆ ಆರು ಕೋಟಿಯಿಂದ ಐದು ಸಾವಿರ ಕೋಟಿಗೆ ಬೆಳೆದ ಟೇಬಲ್‌ನಲ್ಲಿ ಕೀ ಹಿಡಿದು ಒಂದು ಸಾಲನ್ನು ಹುಡುಕಲು ಹೆಚ್ಚಾಗಿ ಓದಬೇಕಾದದ್ದು ಒಂದೇ ಒಂದು ಪುಟ, ಅದರ ಮೇಲಿನ ಹಂತಗಳು ಬಹುಪಾಲು ಮೆಮೊರಿಯಲ್ಲಿಯೇ ಇರುತ್ತವೆ.

ಹಾಗಿದ್ದೂ ಟೇಬಲ್‌ಗಳು ನಿಧಾನವಾಗುವುದನ್ನು ಜನರು ಕಂಡಿದ್ದಾರೆ, ಅವರ ಅನುಭವ ಸುಳ್ಳಲ್ಲ. ಅದಕ್ಕೆ ಕಾರಣ ಸಾಲುಗಳ ಸಂಖ್ಯೆಗಿಂತ ಹೆಚ್ಚಾಗಿ, ದಿನನಿತ್ಯ ಬಳಕೆಯಾಗುವ ಪುಟಗಳು ಮೆಮೊರಿಯಲ್ಲಿ ಹಿಡಿಯದೆ ಡಿಸ್ಕ್‌ಗೆ ಹೋಗಬೇಕಾಗಿ ಬರುವುದು. ಇದು 16 ಜಿಬಿ ಮೆಮೊರಿಯ ಸರ್ವರ್‌ನಲ್ಲಿ ಎರಡು ಕೋಟಿ ಸಾಲಿಗೇ ಆಗಬಹುದು, 512 ಜಿಬಿಯ ಸರ್ವರ್‌ನಲ್ಲಿ ನೂರು ಕೋಟಿಗೂ ಆಗದಿರಬಹುದು. ಯುಯುಐಡಿ ಎಂಬ ಉದ್ದನೆಯ ಯಾದೃಚ್ಛಿಕ ಗುರುತನ್ನು ಪ್ರೈಮರಿ ಕೀ (ಸಾಲಿನ ಮುಖ್ಯ ಗುರುತು) ಮಾಡಿಕೊಂಡವರಿಗೆ ಈ ಸ್ಥಿತಿ ಬೇಗ ಬರುತ್ತದೆ, ಏಕೆಂದರೆ ಹೊಸ ಸಾಲುಗಳು ಮರದ ಒಂದು ತುದಿಗೆ ಸೇರದೆ ಎಲ್ಲೆಡೆ ಚದುರುತ್ತವೆ, ಮತ್ತು ಇನ್ನೋಡಿಬಿಯಲ್ಲಿ ಆ ಉದ್ದನೆಯ ಕೀ ಉಳಿದ ಪ್ರತಿಯೊಂದು ಇಂಡೆಕ್ಸ್‌ನಲ್ಲೂ ನಕಲಾಗುತ್ತದೆ.

ಐಡಿ ಕಾಲಂ ತುಂಬಿಹೋಗುವುದು ಎಂದರೇನು?

ಸಾಮಾನ್ಯ ಇಂಟ್ (4 ಬೈಟ್‌ನ ಪೂರ್ಣಾಂಕ) ಕಾಲಂ ಹಿಡಿಯಬಲ್ಲ ಗರಿಷ್ಠ ಸಂಖ್ಯೆ 2,147,483,647, ಅಂದರೆ ಸುಮಾರು 214 ಕೋಟಿ. ಅದಾದ ಮೇಲೆ ಡಿಸ್ಕ್‌ನಲ್ಲಿ ಎಷ್ಟೇ ಜಾಗವಿದ್ದರೂ ಹೊಸ ಸಾಲು ಸೇರುವುದಿಲ್ಲ. 214 ಕೋಟಿ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ, ಆದರೆ ಸೆಕೆಂಡಿಗೆ 1,000 ಸಾಲು ಸೇರುವ ಟೇಬಲ್ ಅದನ್ನು 25 ದಿನದಲ್ಲಿ ಮುಗಿಸುತ್ತದೆ. ಭಾರತದಲ್ಲಿ ಯುಪಿಐ ವಹಿವಾಟುಗಳು 2023ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ತಿಂಗಳಿಗೆ 1,000 ಕೋಟಿಯನ್ನು ದಾಟಿದವು. ಆ ವೇಗದಲ್ಲಿ ಪ್ರತಿ ವಹಿವಾಟಿಗೂ ಒಂದು ಇಂಟ್ ಐಡಿ ಕೊಡುತ್ತ ಹೋದರೆ ಒಂದು ವಾರವೂ ಬಾಳುವುದಿಲ್ಲ. ಸಾಲು ಅಳಿಸಿದರೂ, ಸೇರಿಸುವ ಯತ್ನ ಅರ್ಧಕ್ಕೆ ರದ್ದಾದರೂ ಬಳಸಿದ ಸಂಖ್ಯೆ ಮರಳಿ ಬಾರದು. ಆದ್ದರಿಂದ ಹತ್ತು ಕೋಟಿ ಸಾಲಿರುವ ಟೇಬಲ್‌ನ ಐಡಿ ಇನ್ನೂರು ಕೋಟಿಯನ್ನು ಮುಟ್ಟಿರಲೂಬಹುದು.

2018ರ ನವೆಂಬರ್ 8ರಂದು ಯೋಜನೆಗಳನ್ನು ನಿರ್ವಹಿಸುವ ಬೇಸ್‌ಕ್ಯಾಂಪ್ ಸೇವೆಯಲ್ಲಿ ಇದೇ ನಡೆಯಿತು. ಘಟನೆಗಳನ್ನು ದಾಖಲಿಸುವ ಟೇಬಲ್‌ನ ಐಡಿ ಈ ಸಂಖ್ಯೆಯನ್ನು ಮುಟ್ಟಿ, ಸುಮಾರು ಐದು ಗಂಟೆಗಳ ಕಾಲ ಬಳಕೆದಾರರು ಓದಬಹುದಿತ್ತೇ ಹೊರತು ಬರೆಯಲು ಆಗಲಿಲ್ಲ. ಆ ಸೇವೆ ಕಟ್ಟಿರುವ ರೈಲ್ಸ್ ಚೌಕಟ್ಟು ಅದಕ್ಕೂ ಹಿಂದಿನ ವರ್ಷವೇ, 2017ರಲ್ಲಿ, ಹೊಸ ಟೇಬಲ್‌ಗಳಿಗೆ ಬಿಗ್‌ಇಂಟ್ ಐಡಿಯನ್ನು ಸಹಜ ಆಯ್ಕೆಯಾಗಿಸಿತ್ತು; ಹಳೆಯ ಟೇಬಲ್ ಮಾತ್ರ ಹಾಗೆಯೇ ಉಳಿದಿತ್ತು. ಇದಕ್ಕೂ ಹಿಂದೆ 2006ರಲ್ಲಿ ಸ್ಲ್ಯಾಶ್‌ಡಾಟ್ ಎಂಬ ತಂತ್ರಜ್ಞಾನ ಸುದ್ದಿತಾಣಕ್ಕೆ ಬಂದ ತೊಂದರೆಯಿಂದ ಕಲಿಯುವುದು ಇನ್ನೂ ಹೆಚ್ಚಿದೆ. ಅವರು ಪ್ರತಿಕ್ರಿಯೆಗಳ ಪ್ರೈಮರಿ ಕೀಯನ್ನು ವರ್ಷಗಳ ಮೊದಲೇ ದೊಡ್ಡದು ಮಾಡಿದ್ದರು. ಯಾವ ಪ್ರತಿಕ್ರಿಯೆಗೆ ಉತ್ತರ ಎಂಬುದನ್ನು ಹೇಳುವ ಕಡೆ ಮಾತ್ರ 24 ಬಿಟ್‌ನ ಮೀಡಿಯಂಇಂಟ್ ಉಳಿದುಬಿಟ್ಟಿತ್ತು. ಪ್ರತಿಕ್ರಿಯೆಗಳು 16,777,216ನ್ನು ದಾಟಿದಾಗ ಅದು ಕೈಕೊಟ್ಟಿತು. ಕೀಯನ್ನು ಬದಲಿಸುವಾಗ ಅದನ್ನು ಉಲ್ಲೇಖಿಸುವ ಪ್ರತಿಯೊಂದು ಕಾಲಂ, ಅದನ್ನು ಓದುವ ಪ್ರತಿಯೊಂದು ಪ್ರೋಗ್ರಾಂನ ವೇರಿಯಬಲ್ ಕೂಡ ಬದಲಾಗಬೇಕು.

ಬಿಗ್‌ಇಂಟ್ ಕೂಡ ಒಂದು ದಿನ ಮುಗಿಯುವುದಿಲ್ಲವೇ?

ಸೆಕೆಂಡಿಗೆ ಹತ್ತು ಲಕ್ಷ ಐಡಿ ಖರ್ಚು ಮಾಡಿದರೂ 2,92,000 ವರ್ಷ ಬಾಳುತ್ತದೆ.

ಓಡುತ್ತಿರುವ ಟೇಬಲ್‌ನಲ್ಲಿ ಇಂಟ್‌ನಿಂದ ಬಿಗ್‌ಇಂಟ್‌ಗೆ ಬದಲಾಯಿಸುವುದು ಹೇಗೆ?

ಕಾಲಂನ ಪ್ರಕಾರವನ್ನು ನೇರವಾಗಿ ಬದಲಾಯಿಸಿ ಎಂದು ಆದೇಶ ಕೊಟ್ಟರೆ ಪೋಸ್ಟ್‌ಗ್ರೆಸ್ ಇಡೀ ಟೇಬಲನ್ನೂ ಅದರ ಇಂಡೆಕ್ಸ್‌ಗಳನ್ನೂ ಮರಳಿ ಬರೆಯುತ್ತದೆ, ಮುಗಿಯುವವರೆಗೆ ಬೇರೆ ಯಾರೂ ಅದನ್ನು ಓದಲೂ ಆಗದಂತೆ ಬೀಗ ಹಾಕಿರುತ್ತದೆ, ಮತ್ತು ಅಷ್ಟೇ ಗಾತ್ರದ ಖಾಲಿ ಡಿಸ್ಕ್ ಕೇಳುತ್ತದೆ. ದೊಡ್ಡ ಟೇಬಲ್‌ಗೆ ಇದು ಗಂಟೆಗಟ್ಟಲೆ ಸೇವೆ ನಿಲ್ಲಿಸಿದಂತೆ. ಹಾಗಾಗಿ ರೂಢಿಯಲ್ಲಿರುವ ದಾರಿ ಇದು: ಪಕ್ಕದಲ್ಲಿ ಖಾಲಿ ಬಿಗ್‌ಇಂಟ್ ಕಾಲಂ ಒಂದನ್ನು ಸೇರಿಸಿ, ಹೊಸ ಸಾಲುಗಳಿಗೆ ಅದು ತಾನಾಗಿ ತುಂಬುವಂತೆ ಟ್ರಿಗರ್ ಇಟ್ಟು, ಹಳೆಯ ಸಾಲುಗಳನ್ನು ಕೆಲವು ಸಾವಿರಗಳ ಕಂತುಗಳಲ್ಲಿ ದಿನಗಟ್ಟಲೆ ತುಂಬಿಸುತ್ತ ಬಂದು, ಬರಹವನ್ನು ತಡೆಯದ ವಿಧಾನದಲ್ಲಿ ಅದರ ಮೇಲೆ ಯೂನಿಕ್ ಇಂಡೆಕ್ಸ್ ಕಟ್ಟಿ, ಕೊನೆಗೆ ಒಂದು ಕಿರು ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಾಗಿ ನಡೆಯುವ ಬದಲಾವಣೆಗಳ ಗುಂಪಿನಲ್ಲಿ) ಎರಡು ಕಾಲಂಗಳ ಹೆಸರುಗಳನ್ನು ಅದಲುಬದಲು ಮಾಡುವುದು. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ತತ್ವದ ಮೇಲೆ ನೆರಳು ಟೇಬಲ್ ಕಟ್ಟಿ ಬದಲಿಸುವ ಸಿದ್ಧ ಸಾಧನಗಳಿವೆ.

ಇದಕ್ಕೆಲ್ಲ ಸಮಯವಿಲ್ಲದೆ ಅಂಚಿಗೆ ಬಂದು ನಿಂತಿದ್ದರೆ, ಧನ, ಋಣ ಎರಡನ್ನೂ ಹಿಡಿಯುವ ಇಂಟ್‌ನಲ್ಲಿ ಬಳಸದೆ ಉಳಿದಿರುವ ಋಣ ಸಂಖ್ಯೆಗಳಿವೆ. ಪೋಸ್ಟ್‌ಗ್ರೆಸ್‌ನಲ್ಲಾಗಲಿ ಎಸ್‌ಕ್ಯೂಎಲ್ ಸರ್ವರ್‌ನಲ್ಲಾಗಲಿ ಎಣಿಕೆಯನ್ನು -2,147,483,648ರಿಂದ ಮತ್ತೆ ಆರಂಭಿಸಿದರೆ ಇನ್ನೂ 214 ಕೋಟಿ ಸಂಖ್ಯೆಗಳು ಸಿಗುತ್ತವೆ. ಐಡಿ ದೊಡ್ಡದಿದ್ದರೆ ಸಾಲು ಹೊಸದು ಎಂದು ನಂಬಿರುವ ಕ್ವೆರಿಗಳು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು) ಆಗ ತಪ್ಪು ಉತ್ತರ ಕೊಡುತ್ತವೆ, ಆದ್ದರಿಂದ ಇದನ್ನು ಉಸಿರಾಡಲು ಸಿಕ್ಕ ಬಿಡುವೆಂದಷ್ಟೇ ಭಾವಿಸಬೇಕು.

ಟೇಬಲ್ ಮಿತಿಯೊಳಗೇ ಇದ್ದರೂ ಇಡೀ ಡೇಟಾಬೇಸ್ ನಿಲ್ಲಬಹುದೇ?

ಪೋಸ್ಟ್‌ಗ್ರೆಸ್‌ನಲ್ಲಿ ನಿಲ್ಲಬಹುದು. ಪ್ರತಿ ಬರಹದ ಟ್ರಾನ್ಸಾಕ್ಷನ್‌ಗೂ ಅದು 32 ಬಿಟ್‌ನ ಒಂದು ಸಂಖ್ಯೆ ಕೊಡುತ್ತದೆ, ಮತ್ತು ಆ ಸಂಖ್ಯೆಗಳು ಗಡಿಯಾರದ ಮುಳ್ಳಿನಂತೆ ಸುತ್ತು ಬರುತ್ತವೆ. ಸುಮಾರು 214 ಕೋಟಿ ಟ್ರಾನ್ಸಾಕ್ಷನ್‌ಗಳಿಗಿಂತ ಹಳೆಯ ಸಾಲು ಹಾಗೆಯೇ ಉಳಿದರೆ ಅದು ಭವಿಷ್ಯದ ಸಾಲಿನಂತೆ ಕಂಡು ಮಾಯವಾಗಬೇಕಾದೀತು. ಇದನ್ನು ತಡೆಯಲು ವ್ಯಾಕ್ಯೂಮ್ ಎಂಬ ಕ್ರಿಯೆ ಹಳೆಯ ಸಾಲುಗಳನ್ನು ಶಾಶ್ವತ ಎಂದು ಗುರುತು ಮಾಡುತ್ತ ಹೋಗುತ್ತದೆ. ಟೇಬಲ್‌ನ ವಯಸ್ಸು 20 ಕೋಟಿ ಟ್ರಾನ್ಸಾಕ್ಷನ್ ದಾಟಿದರೆ ಅದು ತಾನಾಗಿಯೇ ಆರಂಭವಾಗುತ್ತದೆ. ಆದರೆ ಟೇಬಲ್ ಹತ್ತಾರು ಟಿಬಿ ಇದ್ದು, ಬರಹ ಭಾರಿಯಾಗಿದ್ದು, ವ್ಯಾಕ್ಯೂಮ್‌ಗೆ ಕೊಟ್ಟ ವೇಗ ಕಡಿಮೆಯಿದ್ದರೆ ಆ ಕೆಲಸ ಮುಗಿಯುವ ಮೊದಲೇ ಸಂಖ್ಯೆಗಳು ಮುಗಿಯುತ್ತ ಬರುತ್ತವೆ. ಕೊನೆಗೆ ದತ್ತಾಂಶವನ್ನು ಕಾಪಾಡಲೆಂದು ಸರ್ವರ್ ಹೊಸ ಬರಹವನ್ನೇ ನಿಲ್ಲಿಸುತ್ತದೆ. ಒಂದೇ ಒಂದು ಟೇಬಲ್ ಹಿಂದೆ ಬಿದ್ದರೂ ಸರ್ವರ್‌ನ ಎಲ್ಲ ಟೇಬಲ್‌ಗಳ ಬರಹವೂ ನಿಲ್ಲುತ್ತದೆ.

ಇಮೇಲ್ ಕಳಿಸುವ ಮ್ಯಾಂಡ್ರಿಲ್ ಸೇವೆ 2019ರ ಫೆಬ್ರವರಿಯಲ್ಲಿ ಈ ಕಾರಣಕ್ಕೇ ದೀರ್ಘಕಾಲ ಅಸ್ತವ್ಯಸ್ತವಾಯಿತು. ನಂತರದ ಆವೃತ್ತಿಗಳು ಈ ಅಪಾಯವನ್ನು ತಗ್ಗಿಸಿವೆ. 14ನೇ ಆವೃತ್ತಿಯಿಂದ ವಯಸ್ಸು 160 ಕೋಟಿ ದಾಟಿದರೆ ವ್ಯಾಕ್ಯೂಮ್ ಇಂಡೆಕ್ಸ್‌ಗಳ ಸ್ವಚ್ಛತೆಯನ್ನು ಬದಿಗಿಟ್ಟು, ವೇಗದ ಕಡಿವಾಣವನ್ನೂ ತೆಗೆದು ಗುರುತು ಮಾಡುವ ಕೆಲಸವನ್ನಷ್ಟೇ ಮುಗಿಸುತ್ತದೆ. ಆದರೂ ಪ್ರತಿ ಟೇಬಲ್‌ನ ವಯಸ್ಸಿನ ಮೇಲೆ ಎಚ್ಚರಿಕೆಯ ಗಂಟೆ ಕಟ್ಟದೆ ದೊಡ್ಡ ಪೋಸ್ಟ್‌ಗ್ರೆಸ್ ಸರ್ವರ್ ನಡೆಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಧದಷ್ಟು ಸಾಲುಗಳನ್ನು ಅಳಿಸಿದರೂ ಗಾತ್ರ ಏಕೆ ಇಳಿಯುತ್ತಿಲ್ಲ?

ಅಳಿಸಿದ ಸಾಲಿನ ಜಾಗವನ್ನು ಡೇಟಾಬೇಸ್ ತನ್ನಲ್ಲಿಯೇ ಮುಂದಿನ ಸಾಲುಗಳಿಗೆಂದು ಇಟ್ಟುಕೊಳ್ಳುತ್ತದೆ, ಡಿಸ್ಕ್‌ಗೆ ಹಿಂತಿರುಗಿಸುವುದಿಲ್ಲ. ಹಿಂತಿರುಗಿಸಬೇಕಾದರೆ ಟೇಬಲನ್ನು ಮರಳಿ ಬರೆಯಬೇಕು, ಅದಕ್ಕೆ ಬೀಗವೂ ಬೇಕು, ಎರಡನೇ ಪ್ರತಿಗೆ ಜಾಗವೂ ಬೇಕು. ಡಿಸ್ಕ್ ತುಂಬಿದ ದಿನ ಈ ಜಾಗವೇ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸಿದ, ಅಂದರೆ ಸತ್ತ ಸಾಲುಗಳನ್ನು ವ್ಯಾಕ್ಯೂಮ್ ಸ್ವಚ್ಛಗೊಳಿಸಲು ಆರಂಭಿಸುವ ಸಹಜ ಮಟ್ಟ ಟೇಬಲ್‌ನ 20 ಶೇಕಡಾ. ನೂರು ಕೋಟಿ ಸಾಲಿನ ಟೇಬಲ್‌ನಲ್ಲಿ ಇಪ್ಪತ್ತು ಕೋಟಿ ಸತ್ತ ಸಾಲುಗಳು ಸೇರುವವರೆಗೆ ಅದು ಕಾಯುತ್ತದೆ; 18ನೇ ಆವೃತ್ತಿಯಲ್ಲಿ ಇದಕ್ಕೆ 10 ಕೋಟಿಯ ಮೇಲ್ಮಿತಿ ಬಂದಿದೆ. ಬೃಹತ್ ಟೇಬಲ್‌ಗಳಿಗೆ ಮಾತ್ರ ಈ ಮಟ್ಟವನ್ನು ಶೇಕಡಾ 1ಕ್ಕೆ ಅಥವಾ ಅದಕ್ಕೂ ಕೆಳಕ್ಕೆ ಇಳಿಸುವುದು ಒಳ್ಳೆಯದು.

ಪಾರ್ಟಿಷನ್ ಮಾಡಿದರೆ ಮಿತಿ ಹೆಚ್ಚುತ್ತದೆಯೇ?

ಹೆಚ್ಚುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಪಾರ್ಟಿಷನ್ ಒಳಗಿನಿಂದ ಒಂದು ಸ್ವತಂತ್ರ ಟೇಬಲ್, ಪ್ರತಿಯೊಂದಕ್ಕೂ 32 ಟಿಬಿ ಸಿಗುತ್ತದೆ. 2017ರ 10ನೇ ಆವೃತ್ತಿಯಿಂದ ಇದನ್ನು ಟೇಬಲ್‌ನ ವ್ಯಾಖ್ಯೆಯಲ್ಲಿಯೇ ನೇರವಾಗಿ ಬರೆಯಬಹುದು. ಆದರೆ ಮಿತಿ ಹೆಚ್ಚಿಸಲೆಂದು ಪಾರ್ಟಿಷನ್ ಮಾಡುವವರು ಕಡಿಮೆ. ಅದರ ನಿಜವಾದ ಉಪಕಾರ ನಿರ್ವಹಣೆಯಲ್ಲಿದೆ. ಮೂರು ವರ್ಷ ಹಳೆಯ ತಿಂಗಳೊಂದರ ದತ್ತಾಂಶವನ್ನು ಸಾಲುಸಾಲಾಗಿ ಅಳಿಸಿದರೆ ಗಂಟೆಗಟ್ಟಲೆ ಹಿಡಿದು, ಸತ್ತ ಸಾಲುಗಳ ರಾಶಿ ಉಳಿಯುತ್ತದೆ. ಆ ತಿಂಗಳಿನ ಪಾರ್ಟಿಷನ್ ಅನ್ನೇ ತೆಗೆದುಹಾಕಿದರೆ ಕ್ಷಣದಲ್ಲಿ ಮುಗಿದು ಜಾಗವೂ ಡಿಸ್ಕ್‌ಗೆ ಮರಳುತ್ತದೆ. ವ್ಯಾಕ್ಯೂಮ್, ಇಂಡೆಕ್ಸ್ ಕಟ್ಟುವುದು ಎಲ್ಲವೂ ತುಂಡುತುಂಡಾಗಿ ನಡೆಯುತ್ತವೆ.

ಇದಕ್ಕೆ ಬೆಲೆಯೂ ಇದೆ. ಪೋಸ್ಟ್‌ಗ್ರೆಸ್‌ನಲ್ಲೂ ಮೈಎಸ್‌ಕ್ಯೂಎಲ್‌ನಲ್ಲೂ ಪ್ರೈಮರಿ ಕೀ ಮತ್ತು ಪ್ರತಿ ಯೂನಿಕ್ ಕೀಯೊಳಗೆ ಪಾರ್ಟಿಷನ್‌ನ ಕಾಲಂ ಸೇರಲೇಬೇಕು. ತಿಂಗಳ ಪ್ರಕಾರ ಒಡೆದ ಟೇಬಲ್‌ನಲ್ಲಿ ರಸೀದಿ ಸಂಖ್ಯೆಯೊಂದೇ ಇಡೀ ಟೇಬಲ್‌ಗೆ ಅನನ್ಯ ಎಂದು ಡೇಟಾಬೇಸ್‌ನಿಂದ ಖಾತ್ರಿ ಪಡೆಯಲಾಗುವುದಿಲ್ಲ. ಪಾರ್ಟಿಷನ್ ಆದ ಇನ್ನೋಡಿಬಿ ಟೇಬಲ್‌ಗಳಲ್ಲಿ ಬೇರೆ ಟೇಬಲ್‌ನ ಸಾಲನ್ನು ಉಲ್ಲೇಖಿಸುವ ಫಾರಿನ್ ಕೀ ಇರುವಂತಿಲ್ಲ, ಪಾರ್ಟಿಷನ್‌ಗಳು 8,192ನ್ನು ಮೀರುವಂತಿಲ್ಲ. ದಿನಾಂಕ ಹೇಳದ ಕ್ವೆರಿ ಎಲ್ಲ ಪಾರ್ಟಿಷನ್‌ಗಳನ್ನೂ ತಟ್ಟಿ ಬರಬೇಕಾಗಿ, ಒಡೆಯುವ ಮೊದಲಿಗಿಂತ ನಿಧಾನವಾಗಬಹುದು. ಯಾವ ಕಾಲಂನಿಂದ ಒಡೆಯಬೇಕು ಎಂಬುದನ್ನು ನಿಮ್ಮ ಕ್ವೆರಿಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ ನಿರ್ಧರಿಸಿ.

ಟೇಬಲ್ ಈಗ ಎಷ್ಟು ದೊಡ್ಡದಿದೆ ಎಂದು ತಿಳಿಯುವುದು ಹೇಗೆ?

ಎಲ್ಲ ಸಾಲುಗಳನ್ನು ಎಣಿಸುವ ಕ್ವೆರಿಯನ್ನು ಬಳಸಬೇಡಿ. ಪೋಸ್ಟ್‌ಗ್ರೆಸ್‌ನಲ್ಲೂ ಇನ್ನೋಡಿಬಿಯಲ್ಲೂ ಅದು ಟೇಬಲನ್ನೋ ಒಂದು ಇಂಡೆಕ್ಸನ್ನೋ ಪೂರ್ತಿ ಓದುತ್ತದೆ. ಎರಡೂ ತಮ್ಮ ಅಂದಾಜನ್ನು ಒಳಗಿನ ಪಟ್ಟಿಗಳಲ್ಲಿ ಇಟ್ಟಿರುತ್ತವೆ. ಇನ್ನೋಡಿಬಿಯ ಅಂದಾಜು ಶೇಕಡಾ 40ರಿಂದ 50ರಷ್ಟು ತಪ್ಪಿರಬಹುದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಬೈಟ್‌ಗಳ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್, ಟೋಸ್ಟ್, ಇಂಡೆಕ್ಸ್ ಮೂರನ್ನೂ ಕೂಡಿಸಿ ಹೇಳುವ ಸಿದ್ಧ ಫಂಕ್ಷನ್ ಇದೆ.

ಸ್ಪ್ರೆಡ್‌ಶೀಟ್ ಸಾಕಾಗುವುದಿಲ್ಲವೇ?

ಎಕ್ಸೆಲ್‌ನ ಹಳೆಯ ಕಡತ ಮಾದರಿಯಲ್ಲಿ 65,536 ಸಾಲು, ಹೊಸದರಲ್ಲಿ 1,048,576 ಸಾಲು ಹಿಡಿಯುತ್ತವೆ. 2020ರ ಶರತ್ಕಾಲದಲ್ಲಿ ಇಂಗ್ಲೆಂಡ್‌ನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಮಾದರಿಯ ಕಡತಕ್ಕೆ ತಂದುಕೊಂಡದ್ದರಿಂದ ಮಿತಿ ಮೀರಿದ ಸಾಲುಗಳು ಬಿಟ್ಟುಹೋಗಿ, 15,841 ಪ್ರಕರಣಗಳು ಸಮಯಕ್ಕೆ ಎಣಿಕೆಗೆ ಬರಲಿಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟು ದಿನ ತಡವಾಯಿತು. ಡೇಟಾಬೇಸ್ ಮಿತಿಯನ್ನು ಮುಟ್ಟಿದಾಗ ದೋಷ ತೋರಿಸಿ ನಿಲ್ಲುತ್ತದೆ. ಆ ಎಕ್ಸೆಲ್ ಕಡತದಲ್ಲಿ ಸಾಲುಗಳು ಸದ್ದಿಲ್ಲದೆ ಹೋದವು.

ಬ್ಯಾಕಪ್ ಹೇಗೆ ಮಿತಿಯಾಗುತ್ತದೆ?

ಸೆಕೆಂಡಿಗೆ 1 ಗಿಗಾಬಿಟ್‌ನ ಜಾಲದಲ್ಲಿ, ಎಲ್ಲವೂ ಸುಸೂತ್ರವಾದರೆ, ಸೆಕೆಂಡಿಗೆ 125 ಎಂಬಿ ಸಾಗುತ್ತದೆ. 10 ಟಿಬಿಯನ್ನು ಮರಳಿ ತರಲು ಸುಮಾರು 22 ಗಂಟೆ ಬೇಕು, 32 ಟಿಬಿಗೆ ಸುಮಾರು ಮೂರು ದಿನ. ಪಠ್ಯರೂಪದ ಡಂಪ್‌ನಿಂದ ತರುವುದಾದರೆ ಇಂಡೆಕ್ಸ್‌ಗಳನ್ನೆಲ್ಲ ಹೊಸದಾಗಿ ಕಟ್ಟುವ ಸಮಯ ಇದಕ್ಕೆ ಸೇರುತ್ತದೆ. ನಿಮ್ಮ ಸಂಸ್ಥೆ ಎಷ್ಟು ಗಂಟೆ ಸೇವೆಯಿಲ್ಲದೆ ಇರಬಲ್ಲದು ಎಂದು ಕೇಳಿ ತಿಳಿದುಕೊಂಡು, ಆ ಗಂಟೆಗಳಲ್ಲಿ ಎಷ್ಟು ಟಿಬಿ ಮರಳಿ ತರಬಹುದು ಎಂದು ಒಮ್ಮೆ ಮಾಡಿಯೇ ನೋಡಿ. ನನ್ನ ದೃಷ್ಟಿಯಲ್ಲಿ ಟೇಬಲ್‌ನ ಪ್ರಾಮಾಣಿಕ ಮಿತಿ ಅದು.

ಹೊಸ ಟೇಬಲ್‌ಗೆ ಯಾವ ಮಿತಿ ಮೊದಲು ಬರುತ್ತದೆಂದು ಮುಂಚಿತವಾಗಿ ತಿಳಿಯಬಹುದೇ?

ತಿಳಿಯಬಹುದು, ಕಾಗದದ ಮೇಲೆ ಹತ್ತು ನಿಮಿಷ ಸಾಕು. ಒಂದು ಕೋಟಿ ಮನೆಗಳ ವಿದ್ಯುತ್ ಮೀಟರ್‌ಗಳಿಂದ ಅರ್ಧ ಗಂಟೆಗೊಮ್ಮೆ ಬರುವ ಅಳತೆಯನ್ನು ಪೋಸ್ಟ್‌ಗ್ರೆಸ್‌ನಲ್ಲಿ ಇಡಬೇಕಾಗಿದೆ ಎಂದುಕೊಳ್ಳೋಣ. ಮೀಟರ್ ಸಂಖ್ಯೆ, ಸಮಯ, ಅಳತೆ ಎಂಬ ತಲಾ 8 ಬೈಟ್‌ನ ಮೂರು ಕಾಲಂ. ಮೇಲೆ ಲೆಕ್ಕ ಹಾಕಿದಂತೆ ಸಾಲಿಗೆ 52 ಬೈಟ್. ದಿನಕ್ಕೆ 48 ಕೋಟಿ ಸಾಲು, ಇಂಡೆಕ್ಸ್ ಬಿಟ್ಟು ಸುಮಾರು 25 ಜಿಬಿ. ಇದಕ್ಕೆ ಅಭ್ಯಾಸಬಲದಿಂದ ಇಂಟ್ ಐಡಿಯೊಂದನ್ನು ಸೇರಿಸಿದ್ದರೆ ಐದನೇ ದಿನವೇ ಟೇಬಲ್ ನಿಲ್ಲುತ್ತದೆ. ಮೀಟರ್ ಮತ್ತು ಸಮಯ ಸೇರಿ ತಾವೇ ಕೀ ಆಗಬಲ್ಲವು, ಆ ಐಡಿ ಬೇಕಾಗಿಯೇ ಇಲ್ಲ. ಆರು ಗಂಟೆಯೊಳಗೆ ಮರಳಿ ತರಬೇಕೆಂಬ ಕರಾರಿದ್ದು ಜಾಲ 1 ಗಿಗಾಬಿಟ್‌ನದಾಗಿದ್ದರೆ 2.7 ಟಿಬಿ ಮಾತ್ರ ಸಾಧ್ಯ, ಅಂದರೆ ನಾಲ್ಕನೇ ತಿಂಗಳಿನಲ್ಲಿ ಆ ಕರಾರು ಮುರಿಯುತ್ತದೆ. ಕೈಪಿಡಿಯ 32 ಟಿಬಿ ಬರುವುದು ಮೂರು ವರ್ಷ ಹತ್ತು ತಿಂಗಳಿಗೆ. ಇಲ್ಲಿ ದಿನಕ್ಕೊಂದು ಪಾರ್ಟಿಷನ್ ಮಾಡಿ ತಲಾ 25 ಜಿಬಿ ಇಟ್ಟುಕೊಂಡರೆ, ಮುಗಿದ ದಿನಗಳ ಪಾರ್ಟಿಷನ್‌ಗಳು ಮುಂದೆ ಬದಲಾಗುವುದಿಲ್ಲವಾದ್ದರಿಂದ ಅವುಗಳನ್ನು ಒಮ್ಮೆ ಬ್ಯಾಕಪ್ ಮಾಡಿ ಇಡಬಹುದು, ಮತ್ತು ಅವಘಡದ ದಿನ ಇತ್ತೀಚಿನ ತಿಂಗಳಿನ 750 ಜಿಬಿಯನ್ನು ಎರಡು ಗಂಟೆಯೊಳಗೆ ಮೊದಲು ತಂದು ಸೇವೆ ಆರಂಭಿಸಿ, ಹಳೆಯದನ್ನು ಹಿಂದಿನಿಂದ ಸೇರಿಸುತ್ತ ಬರಬಹುದು.